ಚಟ್ಟದ ಮೇಲೆ ಮಲಗುತ್ತಿದ್ದವರು

ಎಂಬತ್ತರ ದಶಕದ ಚನ್ನಗಿರಿಯಲ್ಲಿ ಯಾವ ಮಂತ್ರಿಯ ಅಣಕು ಶವಯಾತ್ರೆ ಹೊರಟರೂ ಹೆಣವಾಗಿ ಮಲಗುತ್ತಿದ್ದವರು ನಮ್ಮ ಪಕ್ಕದ ಮನೆಯ ಸೈಕಲ್ ಶಾಪಿನವರು. ಮೂಗಿಗೆ ಹತ್ತಿ ಇಟ್ಟುಕೊಂಡು, "ಹುಷಾರಾಗಿ ಹೊರ್ರಪ್ಪಾ, ಜೀವ ಇರೋ ಹೆಣ ಐತೆ" ಅನ್ನುತ್ತಿದ್ದರು. ನಗು ಹೆಂಗೆ ತಡೆಯುತ್ತಾರೋ ಎಂದು ನಾನು ಅವರ ಮುಖವನ್ನೇ ನೋಡುತ್ತಾ ಜೊತೆಗೆ ನಡೆಯುತ್ತಿದ್ದೆ.

ಒಮ್ಮೆ ಕುಡಿಯುವ ನೀರಿಗಾಗಿ ಮೆರವಣಿಗೆ. ಮುಖಂಡರು ಸೈಕಲ್ ಶಾಪಿನವರ ಹೆಂಡತಿಯನ್ನು ಕರೆದು, "ಅಕ್ಕಾರೆ, ಚಟ್ಟದ ಹಿಂದೆ ಎದೆ ಬಡ್ಕೊಂಡು ಅಳ್ರಿ" ಎಂದರು.

"ನಮ್ಮ ಯಜಮಾನ್ರು ಬದುಕೇ ಅದಾರೆ, ಯಾಕ್ರೀ ಅಳ್ಲಿ? ದಿನಾ ನೀರು ಹೊರಾಕಿ ನಾನು. ನಾನೇ ಕೂಗ್ತೀನಿ" ಎಂದವರು ಎಲ್ಲರ ಮುಂದೆ ನಿಂತು, "ಬೇಕೇ ಬೇಕು!" ಎಂದರು.

ಹೆಂಗಸಿನ ಘೋಷಣೆಗೆ ಉತ್ತರ ಕೊಡುವುದು ಹೇಗೆಂದು ತಿಳಿಯದೆ ಗಂಡಸರೆಲ್ಲ ಸುಮ್ಮನೆ ನಿಂತರು. ಆಗ ಹೆಣ ಚಟ್ಟದ ಮೇಲೆ ಎದ್ದು ಕೂತು, "ನೀರು ಬೇಕು!" ಎಂದು ಕೂಗಿತು. ಆಮೇಲೇ ನಮಗೆಲ್ಲ ಬಾಯಿ ಬಂದದ್ದು.