ಗುರುಬಸವ್ವನ ಸೋಮವಾರದ ಹಾಡು

ನಮ್ಮ ಅತ್ತೆ ಗುರುಬಸವ್ವ ಚಪ್ಪಾಳೆಯಲ್ಲೇ ಸಂಸಾರ ನಡೆಸುವವರು. ಒಂದು ಚಪ್ಪಾಳೆ ಎಂದರೆ ‘ಇಲ್ಲಿ ಬಾ’, ಎರಡು ಎಂದರೆ ‘ಕಿವುಡಿಯೇನೇ?’ ಮೂರಕ್ಕೆ ಹೋದರೆ ಮನೆಯಲ್ಲಿ ಯಾರೂ ಎದುರಿಗೆ ನಿಲ್ಲುವುದಿಲ್ಲ. ಗಂಟಲಲ್ಲಿ ಗಡ್ಡೆಯಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಅವರ ಮಾತು ನಿಂತಿತು, ಜೋರು ಮಾತ್ರ ನಿಲ್ಲಲಿಲ್ಲ.

ಮೊದಲು ಅವರು ಹಾಡುವವರು. ತವರು ಬಬಲೇಶ್ವರ, ಗಂಡನ ಮನೆ ತಿಕೋಟಾ. ಎರಡೂ ಊರಲ್ಲಿ ಅವರ ಹಾಡಿಲ್ಲದೆ ಕೂಸನ್ನು ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವಾಗಲೂ ಇವರು ಎತ್ತಿಕೊಟ್ಟ ಹಾಡನ್ನೇ ಉಳಿದ ಹೆಂಗಸರು ಹಿಡಿಯುತ್ತಿದ್ದರು. ಆಪರೇಷನ್ ಆದಮೇಲೆ ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟರು. ನಮ್ಮ ಮನೆಗೆ ಹೆಂಗಸರು ಬಂದರೂ ಒಳಗಿನ ಖೋಲಿ ಸೇರಿಬಿಡುತ್ತಿದ್ದರು.

ಉಳಿದದ್ದು ಒಂದು ಡಿಸ್ಕ್. ನನ್ನ ಮಗನ ತೊಟ್ಟಿಲ ಕಾರ್ಯದಲ್ಲಿ ಅವರು ಹಾಡಿದ್ದನ್ನು ವಿಡಿಯೊದವನು ತುಂಬಿಕೊಟ್ಟಿದ್ದ. ಪ್ರತಿ ಸೋಮವಾರ ಪೂಜೆ ಮುಗಿಸಿ, ಪಡಸಾಲೆಯ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹಚ್ಚಿಕೊಂಡು, ಎದುರಿಗೆ ಕುಳಿತು ತಮ್ಮ ದನಿಯನ್ನು ತಾವೇ ಕೇಳುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಬೇಡವೆಂದರೂ ಕಿವಿಗೆ ಬೀಳುತ್ತದಲ್ಲ! ವಿಜಯಪುರಕ್ಕೆ ಒಯ್ದು ಫೋನಿಗೆ ಹಾಕಿಸೋಣವೆಂದರೆ ಡಿಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವರು. ಇದ್ದಲ್ಲೇ ಫೋನ್ ಹಿಡಿದು ತುಂಬಿಕೊಳ್ಳಲು ಹೋದರೆ ಮೂರು ಚಪ್ಪಾಳೆ, ಆ ಹೊತ್ತಿಗೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಇನ್ನೇನು ಮಾಡುವುದು, ಸುಮ್ಮನಾದೆ.

ಮೊನ್ನೆ ನಾದಿನಿ ನೀಲಗಂಗಾಳ ಹೆಣ್ಣುಕೂಸಿನ ತೊಟ್ಟಿಲ ಕಾರ್ಯ ನಮ್ಮಲ್ಲೇ ಇತ್ತು. ಅತ್ತೆ ಹೊರಗೆ ಬಂದು ಮೊಮ್ಮಗಳ ತೊಟ್ಟಿಲು ತೂಗಲು ಒಪ್ಪಿದ್ದೇ ದೊಡ್ಡದು. ಅದಕ್ಕೂ ಒಂದು ಶರತ್ತು. ತಮ್ಮ ಗಂಟಲು ಮುಟ್ಟಿ, ಕಂಪ್ಯೂಟರಿನತ್ತ ಬೆರಳು ಮಾಡಿದರು. ಅದು ಹಾಡಿದರೆ ಬರುತ್ತಾರೆ, ಇಲ್ಲದಿದ್ದರೆ ಖೋಲಿ ಬಿಟ್ಟು ಬರುವುದಿಲ್ಲ.

ಹಿಂದಿನ ದಿನ ಡಿಸ್ಕ್ ಹಾಕಿದರೆ ಆ ಸುಡುಗಾಡು ಕಂಪ್ಯೂಟರು ‘ಡಿಸ್ಕ್ ಹಾಕಿ’ ಎಂದು ಬರೆದು ತೋರಿಸುತ್ತದೆ! ಹಾಕಿದ್ದೇನಲ್ಲ, ಕಣ್ಣು ಕಾಣುವುದಿಲ್ಲವೇ ಎಂದು ಬೈದೆ. ತೆಗೆದು ಹಾಕಿದೆ, ಮತ್ತೆ ಅದೇ. ನನ್ನ ಗಂಡ ಸಂಗು ಡಿಸ್ಕ್ ಓಡಿಸುವ ಬೇರೆ ಡ್ರೈವ್ ತರುತ್ತೇನೆಂದು ವಿಜಯಪುರದ ಬಸ್ಸು ಹತ್ತಿದರು. ಮಧ್ಯಾಹ್ನ ಅವರ ಫೋನು ಬಂತು.

“ಊರೆಲ್ಲಾ ತಿರಗೇನಿ ಮಾರಾಯ್ತಿ, ಎಲ್ಲೂ ಇಲ್ಲ. ಈಗ ಅದನ್ನ ಯಾರ ಕೇಳ್ತಾರಂತ ನಗಾಕತ್ತಾರ.”

“ನಗವಲ್ರ್ಯಾಕ! ನಾಳೆ ನಿಮ್ಮವ್ವ ಖೋಲ್ಯಾಗ ಕುಂತ್ರ ನೀವು ನಗ್ರಿ.”

ಅವರು ಪರಿಚಯದ ಕಂಪ್ಯೂಟರ್ ಅಂಗಡಿಯ ಅಜರುದ್ದೀನನ ಕೈಗೆ ಫೋನು ಕೊಟ್ಟರು.

“ಅಕ್ಕಾರ, ಮೊದಲ ಬ್ಯಾರೆ ಡಿಸ್ಕ್ ಹಾಕಿ ನೋಡ್ರಿ. ಅದು ಓಡಿತಂದ್ರ ನಿಮ್ಮ ಡಿಸ್ಕ್ ಕೆಟ್ಟೈತಿ. ಅದೂ ಓಡ್ಲಿಲ್ಲಂದ್ರ ಡ್ರೈವಿಂದ ತಕರಾರು” ಎಂದ.

ನಮ್ಮ ಮದುವೆಯ ಡಿಸ್ಕ್ ಹಾಕಿದೆ. ಅದೂ ಓಡಲಿಲ್ಲ. ನನಗೆ ಹೋದ ಜೀವ ಬಂತು, ಅತ್ತೆಯ ಹಾಡಿಗೆ ಏನೂ ಆಗಿಲ್ಲ. ಹಿಂದಿನ ವೈರು ಕಿತ್ತು ಗಟ್ಟಿಯಾಗಿ ಸಿಕ್ಕಿಸಿದೆ, ಬಂದ್ ಮಾಡಿ ಚಾಲೂ ಮಾಡಿದೆ. ಒಳಗೆ ಗಿರ್ರೆಂದು ತಿರುಗುತ್ತದೆ, ಸುಮ್ಮನಾಗುತ್ತದೆ.

“ಹಂಗಾರ ಒಳಗಿನ ಲೆನ್ಸಿಗೆ ಧೂಳ ಕುಂತಿರಬೇಕ್ರಿ. ಕರೆಂಟ್ ತಗದು, ಡ್ರೈವಿನ ಸ್ಕ್ರೂ ಬಿಚ್ಚಿ ತಗಡ ಎತ್ರಿ. ಸಣ್ಣ ಗಾಜಿನ ಕಣ್ಣ ಇರತೈತಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹಗೂರಕ ಒರಸ್ರಿ” ಎಂದ ಫೋನಿನಲ್ಲೇ ಇದ್ದ ಅಜರುದ್ದೀನ.

ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕುಳಿತೆ. ನೀಲಗಂಗಾ ಕೂಸನ್ನು ಎತ್ತಿಕೊಂಡು ಬಂದು ನಿಂತಳು. “ವೈನಿ, ಬಿಚ್ಚಿದ್ದ ತಿರುಗಿ ಕೂಡಸಾಕ ಬರತೈತಿ ನಿಮಗ?”

“ಹಡಿಯೂದು ಹೆಂಗೋ ಇದೂ ಹಂಗ. ಚಾಲೂ ಆದ ಮ್ಯಾಲ ಮುಗಸಾಕ ಬೇಕು” ಎಂದೆ.

ತಗಡು ಎತ್ತಿದರೆ ಒಳಗೆಲ್ಲ ಬೆಳ್ಳಗೆ. ಮನೆಯ ಧೂಳು ಕಂದು ಬಣ್ಣದ್ದು, ಇದು ಬೇರೆ. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದೆ. ವಿಭೂತಿ! ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ.

“ಅತ್ತೀ, ಇದರಾಗ ವಿಭೂತಿ ಹಚ್ಚೀರೇನ?”

ಹೌದೆಂದು ತಲೆಯಾಡಿಸಿದರು. ಹತ್ತಿರ ಬಂದು ಕೈಯಲ್ಲೇ ಮಾಡಿ ತೋರಿಸಿದರು. ಗುಂಡಿ ಒತ್ತಿದರೆ ತಟ್ಟೆ ಹೊರಬರುತ್ತದೆ. ಅದರ ಮೇಲೆ ಮೂರು ಬೆರಳು ಎಳೆದು, ಆಮೇಲೆ ಡಿಸ್ಕ್ ಇಡುತ್ತಾರೆ. ಮಹಾನವಮಿಗೆ ನಾವು ತಕ್ಕಡಿಗೂ ಟ್ರ್ಯಾಕ್ಟರಿಗೂ ವಿಭೂತಿ ಹಚ್ಚುವುದಿಲ್ಲವೇ? ಇವರು ತಮ್ಮ ದನಿ ಇರುವ ಜಾಗಕ್ಕೆ ಸೋಮವಾರ ಸೋಮವಾರ ಹಚ್ಚಿದ್ದಾರೆ. ಅದು ಒಣಗಿ, ಉದುರಿ, ಡಿಸ್ಕಿನ ಜೊತೆ ತಿರುಗಿ ಒಳಗೆಲ್ಲ ಕುಳಿತಿದೆ.

ನಾನು ಹೇಳುವ ಮೊದಲೇ ಅವರಿಗೆ ತಿಳಿಯಿತು. ತಮ್ಮ ಕೈಯಿಂದಲೇ ತಮ್ಮ ದನಿ ಕಟ್ಟಿತೆಂದು ಕಣ್ಣಲ್ಲಿ ನೀರು ತಂದುಕೊಂಡರು. ಬೈಯಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ನನಗೂ ಅಳು ಬಂದಿತ್ತು.

“ಅಳಬ್ಯಾಡ್ರಿ ಅತ್ತಿ. ಭಕ್ತಿ ಜಾಸ್ತಿಯಾಗಿ ಅದಕ್ಕ ಅಜೀರ್ಣ ಆಗೇತಿ, ಅಷ್ಟ.”

ಹೆಗಲು ಕುಣಿಸಿ ನಕ್ಕರು. ಲೆನ್ಸು ಒರೆಸಿ, ಉಳಿದ ಪುಡಿ ಊದಿ, ಎಲ್ಲ ಕೂಡಿಸಿ ಚಾಲೂ ಮಾಡಿದೆ. ಗಿರ್ರೆಂದಿತು, ಅತ್ತೆಯ ದನಿ ಪಡಸಾಲೆ ತುಂಬಿತು. ಅವರು ಒಳಗೆ ಹೋಗಿ ಮರುದಿನಕ್ಕೆ ಇಳಕಲ್ ಸೀರೆ ತೆಗೆದಿಟ್ಟರು.

ಮರುದಿನ ಓಣಿಯ ಹೆಂಗಸರೆಲ್ಲ ಸೇರಿದರು. ಅತ್ತೆ ತೊಟ್ಟಿಲ ಹಗ್ಗ ಹಿಡಿದು ಕುಳಿತರು. ಆ ಹಾಡಿನಲ್ಲಿ ಒಬ್ಬರು ಕೇಳುವುದು, ಉಳಿದವರು ಉತ್ತರ ಹೇಳುವುದು.

“ಅಜ್ಜಿ ಬಂದಾಳ, ತೊಟ್ಟಿಲಕ ಏನ ತಂದಾಳ?” ಎಂದಿತು ಡಿಸ್ಕು.

“ತಲಿಗೆ ಕುಂಚಗಿ ತಂದಾಳ, ಜೋ ಜೋ” ಎಂದರು ಹೆಂಗಸರು.

ಅಷ್ಟರಲ್ಲಿ ಡ್ರೈವು ಕರಕರ ಎಂದು ನಿಂತುಬಿಟ್ಟಿತು. ಓಡಿಹೋಗಿ ಗುಂಡಿ ಒತ್ತಿದೆ, ಬಡಿದೆ, ಊಹೂಂ. ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಹಗ್ಗ ಬಿಟ್ಟು, ನೆಲಕ್ಕೆ ಕೈಯೂರಿ ಏಳತೊಡಗಿದರು. ಖೋಲಿಯ ಬಾಗಿಲು ಅಲ್ಲೇ ಇತ್ತು.

ನಾನು ಹಾಡಿದವಳಲ್ಲ. ನನ್ನ ದನಿ ಕೇಳಿದರೆ ದ್ರಾಕ್ಷಿ ತೋಟಕ್ಕೆ ಹಕ್ಕಿ ಬರುವುದಿಲ್ಲ, ಅಲ್ಲೇ ಹೋಗಿ ನಿಲ್ಲು ಎಂದು ಗಂಡ ಚಾಷ್ಟಿ ಮಾಡುತ್ತಾರೆ. ಆದರೆ ಮುಂದಿನ ನುಡಿ ನನಗೆ ಗೊತ್ತಿತ್ತು. ಎಷ್ಟು ಸೋಮವಾರ ರೊಟ್ಟಿ ಬಡಿದಿದ್ದೇನೆ!

“ಸ್ವಾದರಮಾವ ಬಂದಾನ, ತೊಟ್ಟಿಲಕ ಏನ ತಂದಾನ?”

ದನಿ ಒಡೆಯಿತು. ಬಾಗಿಲಲ್ಲಿ ನಿಂತಿದ್ದ ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. “ಗಿಲಕಿ ತಂದಾನ, ಜೋ ಜೋ” ಎಂದು ಹೆಂಗಸರು ಹಿಡಿದರು. ಅತ್ತೆ ಅರ್ಧ ಎದ್ದವರು ಹಾಗೇ ಕುಳಿತರು. ಮುಂದೆ ನಾನು ಮರೆತಲ್ಲೆಲ್ಲ ಅವರ ತುಟಿ ನೋಡಿದೆ. ತುಟಿ ಹೇಳಿತು, ನಾನು ಹಾಡಿದೆ. ಒಂದು ಕಡೆ ಧಾಟಿ ತಪ್ಪಿದಾಗ ಎಲ್ಲರ ಎದುರಿಗೇ ಎರಡು ಚಪ್ಪಾಳೆ ಬಿತ್ತು.

ಡಿಸ್ಕಿಗೇನೂ ಆಗಿಲ್ಲ, ಹಳೆಯ ಡ್ರೈವೇ ಪೂರ್ತಿ ಕೈಕೊಟ್ಟಿದೆ. ಬೇರೆಯದನ್ನು ಹುಡುಕಿಸುತ್ತೇನೆಂದು ಅಜರುದ್ದೀನ ಹೇಳಿದ್ದಾನೆ. ಸೋಮವಾರ ಪೂಜೆ ಮುಗಿಸಿ ಅತ್ತೆ ವಿಭೂತಿ ಹಿಡಿದು ಪಡಸಾಲೆಗೆ ಬಂದರು. ನಾನು ಕಂಪ್ಯೂಟರಿಗೆ ಅಡ್ಡ ನಿಂತೆ.

“ಅದಕ್ಕ ಇನ್ನ ಸಾಕ್ರಿ, ಅತ್ತೀ.”

ಒಂದು ಚಪ್ಪಾಳೆ ತಟ್ಟಿದರು. ಹತ್ತಿರ ಹೋದೆ. ನನ್ನ ಗದ್ದ ಎತ್ತಿ, ತಾಳಿಸರ ಪಕ್ಕಕ್ಕೆ ಸರಿಸಿ, ನನ್ನ ಗಂಟಲಿಗೆ ಮೂರು ಬೆರಳು ಎಳೆದರು.