ಎಡಕ್ಕೆ ಒಂದೂವರೆ ಸುತ್ತು

ನನ್ನ ಚಿಕ್ಕಪ್ಪನ ಪಿಕಪ್ ಎಡಕ್ಕೆ ತಿರುಗುವುದಿಲ್ಲ ಎಂಬ ವಿಷಯ ಕೊಪ್ಪದಲ್ಲಿ ಅವನ ಸಾರಿನಷ್ಟೇ ಹೆಸರುವಾಸಿಯಾಗಿತ್ತು. ತಿರುಗುತ್ತಲೇ ಇರಲಿಲ್ಲ ಎಂದಲ್ಲ. ಸ್ವಲ್ಪ ತಿರುಗಿ, ಬಾನೆಟ್ಟಿನ ಒಳಗೆಲ್ಲೋ ನರಳಿ, ನಿಂತುಬಿಡುತ್ತಿತ್ತು. ಎಡಕ್ಕೆ ಸುತ್ತುವ ಕಡಿದಾದ ತಿರುವು ಬಂದರೆ ಒಮ್ಮೆ ಹಿಂದೆ ಬಂದು ಮತ್ತೆ ಮುಂದೆ ಹೋಗಬೇಕು. ಹಿಂದಿನಿಂದ ಬಂದ ಬಸ್ಸಿನವರು ಹಾರನ್ ಕೂಡ ಹಾಕದೆ ಕಾಯುತ್ತಿದ್ದರು. ಭಟ್ರ ಗಾಡಿ, ಹಾಗೇ ಅದು, ಎಂದು ಎಲ್ಲರಿಗೂ ರೂಢಿಯಾಗಿತ್ತು.

ಚಿಕ್ಕಪ್ಪ ಮದುವೆ, ಉಪನಯನಗಳ ಅಡುಗೆ ಹಿಡಿಯುವವನು. ಶೃಂಗೇರಿ, ಹರಿಹರಪುರ, ನರಸಿಂಹರಾಜಪುರ, ಎಲ್ಲಿ ಕರೆದರೂ ಕೊಪ್ಪರಿಗೆ, ಬಾಣಲೆ, ಕಬ್ಬಿಣದ ಒಲೆಗಳನ್ನು ಆ ಪಿಕಪ್ಪಿಗೆ ಹೇರಿಕೊಂಡು ತಾನೇ ಓಡಿಸಿಕೊಂಡು ಹೋಗುತ್ತಿದ್ದ. ಗಾಡಿ ನನ್ನ ವಯಸ್ಸಿಗಿಂತ ಸ್ವಲ್ಪ ಚಿಕ್ಕದು. ಕಂಪನಿಯಿಂದ ಬರುವಾಗ ಅದಕ್ಕೆ ಪವರ್ ಸ್ಟೇರಿಂಗ್ ಇರಲಿಲ್ಲ. ಆಮೇಲೆ ಯಾವುದೋ ಗ್ಯಾರೇಜಿನವರು ಒಂದು ವ್ಯಾನಿನ ಸ್ಟೇರಿಂಗ್ ಬಾಕ್ಸು, ಇನ್ನೊಂದು ಯಾವುದರದ್ದೋ ಎಣ್ಣೆ ಪಂಪು, ಲೇತಿನಲ್ಲಿ ಕಡೆಸಿದ ಒಂದು ತುಂಡು, ಎಲ್ಲ ಸೇರಿಸಿ ಕೂರಿಸಿಕೊಟ್ಟಿದ್ದರು. ನಮ್ಮ ಕಡೆ ಎಸ್ಟೇಟ್ ಜೀಪುಗಳೆಲ್ಲ ಹೀಗೇ ಓಡುವುದರಿಂದ ಯಾರಿಗೂ ಇದರಲ್ಲಿ ವಿಶೇಷ ಕಂಡಿರಲಿಲ್ಲ.

ಇದಾಗಿ ಎರಡು ವರ್ಷಕ್ಕೆ ಚಿಕ್ಕಪ್ಪ ಸ್ಕೂಟರಿನಿಂದ ಬಿದ್ದು ಬಲಭುಜ ಮುರಿದುಕೊಂಡ. ಮೂಳೆ ಕೂಡಿತು, ಬಲ ಬರಲಿಲ್ಲ. ಕೊಪ್ಪರಿಗೆಯಲ್ಲಿ ಸೌಟು ತಿರುಗಿಸುವುದನ್ನು ಬಿಡಬೇಕಾಯಿತು. ಈಗ ಸ್ಟೇರಿಂಗನ್ನೂ ಎಳೆದಾಡಿದರೆ ಭುಜ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ನರಸಿಂಹರಾಜಪುರದವರೊಬ್ಬರು ಪಿಕಪ್ಪನ್ನು ಕೊಳ್ಳಲು ಕೇಳುತ್ತಿದ್ದರು. ಬಸರೀಕಟ್ಟೆಯಲ್ಲಿ ಒಂದು ಉಪನಯನ ಒಪ್ಪಿಕೊಂಡಾಗಿತ್ತು. ಅಲ್ಲಿಗೆ ಪಾತ್ರೆ ಹೇರಿಕೊಂಡು ತಾನೇ ಓಡಿಸಿಕೊಂಡು ಹೋಗಲು ಆದರೆ ಗಾಡಿ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಮಾರನೆಯ ದಿನವೇ ಕೊಟ್ಟುಬಿಡುವುದು ಎಂದು ಚಿಕ್ಕಪ್ಪ ಅವರಿಗೆ ಮಾತು ಕೊಟ್ಟ.

"ಸೌಟು ಬಿಟ್ಟಾಯ್ತು," ಎಂದ ನನಗೆ. "ಸ್ಟೇರಿಂಗೂ ಬಿಟ್ಟರೆ ಬರೀ ಬಾಯಲ್ಲಿ ಅಡುಗೆ ಮಾಡೋನಾಗ್ತೇನೆ ಮಾರಾಯ."

ನಾನು ಆಗ ಬಾಳಗಡಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಸುಮ್ಮನೆ ಕೂರಲಾಗದ ಸ್ವಭಾವ. ಒಂದು ಭಾನುವಾರ ಪಿಕಪ್ಪಿನಲ್ಲಿ ಕೂತು ಸ್ಟೇರಿಂಗ್ ಸುತ್ತುಗಳನ್ನು ಎಣಿಸಿದೆ. ಚಕ್ರಗಳು ನೇರ ಇದ್ದಾಗಿನಿಂದ ಬಲಕ್ಕೆ ಎರಡೂವರೆ ಸುತ್ತು, ಎಡಕ್ಕೆ ಒಂದೂವರೆ. ಎಂಜಿನ್ ನಿಧಾನ ಓಡುವಾಗ ಎರಡೂ ಕಡೆ ಕಲ್ಲಿನಷ್ಟು ಭಾರ, ಆಕ್ಸಿಲರೇಟರ್ ಒತ್ತಿದರೆ ಹಗುರ. ಚಿಕ್ಕಪ್ಪ ತಿರುವುಗಳಲ್ಲಿ ಕ್ಲಚ್ ಅರ್ಧ ಹಿಡಿದು ಎಂಜಿನ್ ಕಿರುಚಿಸುವುದು ಯಾಕೆಂದು ಅಂದು ತಿಳಿಯಿತು. ಆ ಪಂಪು ಈ ಬಾಕ್ಸಿಗೆ ಸಾಕಾಗುವಷ್ಟು ಎಣ್ಣೆ ದೂಡುತ್ತಿರಲಿಲ್ಲ. ಭಾರಕ್ಕೂ ಎಡದ ತೊಂದರೆಗೂ ಕಾರಣ ಅದೊಂದೇ ಎಂದು ನಾನು ತೀರ್ಮಾನ ಮಾಡಿದೆ. ಎರಡು ಲಕ್ಷಣಕ್ಕೆ ಒಂದೇ ಕಾರಣ ಸಿಕ್ಕರೆ ನಮ್ಮಂಥವರಿಗೆ ಬಹಳ ಸಂತೋಷ.

ನರಸಿಂಹರಾಜಪುರದ ಒಂದು ಗುಜರಿಯಲ್ಲಿ, ಅಪಘಾತವಾಗಿ ಬಂದಿದ್ದ ವ್ಯಾನಿನ ಬಾಕ್ಸು, ಪಂಪು, ಪೈಪುಗಳು, ಎಣ್ಣೆ ಡಬ್ಬಿ ಎಲ್ಲ ಒಟ್ಟಿಗೆ ಸಿಕ್ಕಿದವು. ಒಂದೇ ಗಾಡಿಯಲ್ಲಿ ಹುಟ್ಟಿ ಒಟ್ಟಿಗೆ ಸವೆದ ಭಾಗಗಳು. ಗುಜರಿಯವರು ಬೇರೆ ಬೇರೆ ಮಾರುತ್ತೇನೆ ಎಂದರು, ನಾನು ಬಿಡಲಿಲ್ಲ.

ಕೂರಿಸಿದ್ದು ಬಾಳಗಡಿಯ ಮೆಕ್ಯಾನಿಕ್. ನಿಧಾನದ ಮನುಷ್ಯ, ಮಾತಿಗಿಂತ ಬೀಡಿ ಹೆಚ್ಚು. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಗಾಡಿಯವರ ಕಾಲಬುಡದಲ್ಲಿಡುವುದು ಅವನ ಕ್ರಮ. ಹಳೇ ಪಂಪನ್ನು ಕೈಯಲ್ಲಿ ಹಿಡಿದು ತೂಗಿ, ಇದು ಯಾವುದೋ ಸಣ್ಣ ಕಾರಿನದ್ದು, ಇಷ್ಟು ದಿನ ಇದು ಬದುಕಿದ್ದೇ ಹೆಚ್ಚು ಎಂದ. ಪೈಪಿನ ತುದಿಯ ತಿರುಪುಗಳೂ ಬೇರೆ ಬೇರೆ ಅಳತೆಯವಾಗಿದ್ದವು. ನೂಲು ಸುತ್ತಿ, ಮೇಲೆ ಅಂಟು ಹಚ್ಚಿ ಬಿಗಿ ಮಾಡಿದ್ದರು.

ಹೊಸ ಬಾಕ್ಸು ಕೂರಿಸುವ ಮೊದಲು ಅವನು, ಚಕ್ರದಿಂದ ಬರುವ ಕಂಬಿಗೆ ಬಾಕ್ಸನ್ನು ಜೋಡಿಸುವ ತೋಳನ್ನು ತೋರಿಸಿ ಒಂದು ಪ್ರಶ್ನೆ ಕೇಳಿದ. ಈ ತೋಳನ್ನು ಯಾವ ಹಲ್ಲಿಗೆ ಕೂರಿಸಬೇಕು ಎಂಬುದಕ್ಕೆ ಮೇಲಿನ ಸ್ಟೇರಿಂಗನ್ನು ನಂಬಬಹುದೋ, ಇಲ್ಲ ತಾನು ಸುತ್ತು ಎಣಿಸಿ ಬಾಕ್ಸಿನ ನಡು ಹುಡುಕಲೋ?

"ಸ್ಟೇರಿಂಗನ್ನು ಯಾರೂ ಮುಟ್ಟಿಲ್ಲ," ಎಂದೆ. "ನೇರ ಇದೆ. ಅದನ್ನೇ ಹಿಡಿದು ಕೂರಿಸಿ."

"ಮೇಷ್ಟ್ರು ಹೇಳಿದ ಮೇಲೆ ಮುಗೀತು," ಎಂದು ಅವನು ಗಾಡಿಯ ಕೆಳಗೆ ತೂರಿದ.

ಸಂಜೆಗೆ ಮುಂಚೆ ಚಿಕ್ಕಪ್ಪ ಓಡಿಸಿ ನೋಡಿದ. ಸ್ಟೇರಿಂಗ್ ಬೆರಳಲ್ಲೇ ತಿರುಗುವಷ್ಟು ಹಗುರವಾಗಿತ್ತು. ಅವನು ಹರಿಹರಪುರದ ರಸ್ತೆ ಹಿಡಿದ. ಒಂದು ಎಡತಿರುವಿನಲ್ಲಿ ಸ್ಟೇರಿಂಗ್ ಸಲೀಸಾಗಿ ಒಂದೂವರೆ ಸುತ್ತು ಸುತ್ತಿ, ಹಳೇ ಜಾಗದಲ್ಲೇ ನಿಂತಿತು. ಮತ್ತೆ ಹಿಂದೆ, ಮತ್ತೆ ಮುಂದೆ. ಕತ್ತು ತಿರುಗಿಸಿ ಹಿಂದೆ ನೋಡುವಾಗ ಚಿಕ್ಕಪ್ಪ ಹಲ್ಲು ಕಚ್ಚಿದ್ದನ್ನು ಕಂಡೆ. ಅವನಿಗೆ ನೋವಾಗುತ್ತಿದ್ದದ್ದು ಆ ಹೊರಳುವಿಕೆಯಲ್ಲೇ.

"ಹಗುರ ಆಯ್ತು. ಅಷ್ಟೇ," ಎಂದ. "ನರಸಿಂಹರಾಜಪುರದವರಿಗೆ ಬಂದು ತಗೊಂಡು ಹೋಗಿ ಅಂತ ಹೇಳ್ತೇನೆ."

ನಾಳೆಯವರೆಗೆ ಫೋನ್ ಮಾಡಬೇಡ ಎಂದು ಕೇಳಿಕೊಂಡೆ. ಪಂಪು ಬದಲಾಯಿತು, ಬಾಕ್ಸು ಬದಲಾಯಿತು, ಕೊರತೆ ಮಾತ್ರ ಅಳತೆ ಹಿಡಿದಂತೆ ಅದೇ ಒಂದೂವರೆ. ಹಾಗಾದರೆ ತಪ್ಪು ಬದಲಾಗದೆ ಉಳಿದದ್ದರಲ್ಲಿ ಇರಬೇಕು. ಉಳಿದದ್ದು ಏನು? ನನ್ನ ಮಾತನ್ನು ಬಿಟ್ಟರೆ ಸ್ಟೇರಿಂಗ್ ಒಂದೇ.

ಮರುದಿನ ಬೆಳಿಗ್ಗೆ ಮೂವರೂ ಬಾಳಗಡಿಯಲ್ಲಿದ್ದೆವು. ಮೆಕ್ಯಾನಿಕ್ ಹಾರನ್ನಿನ ಮುಚ್ಚಳ ತೆಗೆದು, ನಟ್ಟು ಬಿಚ್ಚಿ, ಸ್ಟೇರಿಂಗನ್ನು ಎಳೆದ. ಸ್ಟೇರಿಂಗ್ ಕೂತಿದ್ದ ಕಂಬಿಯ ತುದಿಯಲ್ಲಿ ಉಳಿಯಿಂದ ಹೊಡೆದ ಒಂದು ಗುರುತಿತ್ತು, ಸ್ಟೇರಿಂಗಿನ ಒಳಗೂ ಅಂಥದ್ದೇ ಒಂದು. ಎರಡೂ ಒಂದಕ್ಕೊಂದು ಕೂಡಬೇಕಾದ್ದು, ಒಂದು ಮೇಲಿದ್ದರೆ ಇನ್ನೊಂದು ಹೆಚ್ಚುಕಡಿಮೆ ಕೆಳಗಿತ್ತು. ಯಾರೋ ಸ್ಟೇರಿಂಗನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದ್ದರು.

ಆ ಹಳೇ ಗ್ಯಾರೇಜಿನವರು ಎಷ್ಟು ಬೇಜವಾಬ್ದಾರಿಯವರು ಎಂದು ನಾನು ಶುರುಮಾಡಿದೆ. ಕೆಳಗೆ ತೋಳನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೆ ಮೇಲೆ ಸ್ಟೇರಿಂಗ್ ಸುಮಾರು ಅರ್ಧ ಸುತ್ತು ಸೊಟ್ಟವಾಗುತ್ತದೆ. ಸರಿಮಾಡುವುದಾದರೆ ಕೆಳಗಿನ ಹಲ್ಲನ್ನು ಸರಿಮಾಡಬೇಕಲ್ಲದೆ ಸ್ಟೇರಿಂಗನ್ನು ತಿರುಗಿಸಿ ತಪ್ಪನ್ನು ಮುಚ್ಚುವುದಲ್ಲ ಎಂದು ವಿವರಿಸಿದೆ. ತರಗತಿಯಲ್ಲಿ ಕೂಡ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲವೇನೋ.

ಮೆಕ್ಯಾನಿಕ್ ಕಂಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. "ಮೇಷ್ಟ್ರೆ, ಇಲ್ಲಿ ಬಿಳಿ ಗೆರೆ ಎಳೆದಿದ್ದಾರೆ ನೋಡಿ. ಪೇಂಟಲ್ಲ ಇದು."

ಉಗುರಿನಿಂದ ಕೆರೆದೆ, ಪುಡಿಯಾಗಿ ಉದುರಿತು. ಅದು ವೈಟ್ನರ್. ಅಂಕಪಟ್ಟಿ ತಿದ್ದುವ ವೈಟ್ನರ್. ಯಾವ ಗ್ಯಾರೇಜಿನಲ್ಲೂ ಇರುವ ವಸ್ತುವಲ್ಲ. ನನ್ನ ಅಂಗಿಯ ಜೇಬಿನಲ್ಲಿ ಆಗ ಯಾವಾಗಲೂ ಒಂದು ಸೀಸೆ ಇರುತ್ತಿತ್ತು, ಅಂದೂ ಇತ್ತು.

ಚಿಕ್ಕಪ್ಪ ನನ್ನ ಮುಖ ನೋಡಿದ. "ನೀನೇ ಅಲ್ವಾ ತಿರುಗಿಸಿದ್ದು? ಆಯುಧಪೂಜೆ ದಿವಸ?"

ನನಗೆ ಗೊತ್ತಿದ್ದದ್ದು ಬೇರೆ. ಆಯುಧಪೂಜೆಯ ಹಿಂದಿನ ವಾರ ಗಾಡಿ ಗ್ಯಾರೇಜಿನಿಂದ ಬಂದದ್ದು, ಹಾರನ್ನಿನ ಮುಚ್ಚಳದ ಮೇಲಿನ ಕಂಪನಿಯ ಗುರುತು ತಲೆಕೆಳಗಾಗಿ ನಿಂತದ್ದು, ಸೊಟ್ಟ ಸ್ಟೇರಿಂಗಿಗೆ ಕುಂಕುಮ ಇಡುವುದಿಲ್ಲ ಎಂದು ಚಿಕ್ಕಪ್ಪ ಹಟ ಹಿಡಿದದ್ದು, ಇಷ್ಟು ನನಗೆ ನೆನಪಿತ್ತು. ಆಮೇಲೆ ಯಾರೋ ಬಂದು ಸರಿಮಾಡಿದರು, ನಾನು ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯಲ್ಲಿ ಕುಂಬಳಕಾಯಿಯ ಪಕ್ಕ ಸೇವಂತಿಗೆ ಇದ್ದದ್ದೂ ಕಣ್ಣಿಗೆ ಕಟ್ಟಿದಂತಿತ್ತು.

"ತಟ್ಟೆ ಹಿಡಿದೋನು ನಾನು," ಎಂದ ಚಿಕ್ಕಪ್ಪ. "ಕುಂಕುಮ ಮೇಲೆ ಬರಬೇಕು ಅಂತ ಹೇಳಿದ್ದೂ ನಾನೇ. ಸ್ಪ್ಯಾನರ್ ಇದ್ದದ್ದು ನಿನ್ನ ಕೈಲಿ. ಈ ಬಿಳಿ ಗೆರೆ ಎಂತಕ್ಕೆ ಅಂತ ನಾನು ಕೇಳಿದ್ದಕ್ಕೆ, ಗುರುತಿಗೆ, ಮರೆತುಹೋಗಬಾರದಲ್ಲ ಅಂತ ನೀನು ಅಂದಿದ್ದೆ."

ಮೆಕ್ಯಾನಿಕ್ ನಗಲಿಲ್ಲ, ಬೀಡಿ ಹಚ್ಚಲು ಆಚೆ ತಿರುಗಿದ. ಅದು ನಗುವುದಕ್ಕಿಂತ ಜೋರಾಗಿತ್ತು.

ಆ ಕ್ಷಣದಿಂದ ನನಗೆ ಎಲ್ಲ ನೆನಪಾಗತೊಡಗಿತು: ನಟ್ಟಿನ ಗಡಸು, ಕೈಗೆ ಹತ್ತಿದ ಗ್ರೀಸು, ಸೀಸೆಯ ಸಣ್ಣ ಕುಂಚ. ಆದರೆ ಇದು ನಿಜವಾದ ನೆನಪೋ, ಗೆರೆಯನ್ನು ನೋಡಿದ ಮೇಲೆ ಮನಸ್ಸು ಅವಸರದಲ್ಲಿ ಕಟ್ಟಿಕೊಂಡದ್ದೋ, ಇಂದಿಗೂ ಹೇಳಲಾರೆ. ಹೂವಿನ ತಟ್ಟೆಯೂ ಇಷ್ಟೇ ಸ್ಪಷ್ಟವಾಗಿತ್ತಲ್ಲ. ಚಿಕ್ಕಪ್ಪನ ಮಾತಿನಲ್ಲೂ ಒಂದು ತೊಡಕಿದೆ. ಅವನ ಪ್ರಕಾರ ಇದು ನಡೆದದ್ದು ಶೃಂಗೇರಿಯಲ್ಲಿ, ಒಂದು ಅಡುಗೆಗೆ ಹೋದಾಗ; ನನ್ನ ಪ್ರಕಾರ ನಮ್ಮ ಮನೆಯ ಮುಂದೆ. ಆಯುಧಪೂಜೆಯ ದಿನ ಅವನು ಬೇರೆಯವರ ಮನೆಯ ಅಡುಗೆಗೆ ಹೋಗುತ್ತಿದ್ದನೇ? ಕೇಳಿದರೆ, ಹೋಗ್ತಿದ್ದೆನಪ್ಪ, ಎನ್ನುತ್ತಾನೆ. ಏನೇ ಇರಲಿ, ಗೆರೆ ಹಾಕಿದವನು ನಾನೇ ಎಂಬುದು ಮಾತ್ರ ಗಟ್ಟಿ.

ಮೆಕ್ಯಾನಿಕ್ ಈ ಸಲ ಯಾರ ಮಾತನ್ನೂ ಕೇಳಲಿಲ್ಲ. ತೋಳನ್ನು ಬಿಚ್ಚಿ, ಬಾಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುತ್ತಿ, ಬಾಯಲ್ಲೇ ಎಣಿಸಿ, ಸರಿಯಾಗಿ ನಡುವಿಗೆ ತಂದು ನಿಲ್ಲಿಸಿದ. ಮುಂದಿನ ಚಕ್ರಗಳನ್ನು ನೇರ ಮಾಡಿ ತೋಳು ಕೂರಿಸಿದ. ಕೊನೆಯಲ್ಲಿ ಉಳಿಯ ಗುರುತುಗಳನ್ನು ಒಂದಕ್ಕೊಂದು ಕೂಡಿಸಿ ಸ್ಟೇರಿಂಗ್ ಹಾಕಿದ. ನಾನು ದೂರ ನಿಂತು ನೋಡಿದೆ. ನೋಡುವುದಕ್ಕೆ ಬಹಳ ಚೆಂದದ ಕೆಲಸ.

ಉಪನಯನದ ಹಿಂದಿನ ದಿನ ಮಧ್ಯಾಹ್ನ ಪಾತ್ರೆ ಹೇರಿಕೊಂಡು ಬಸರೀಕಟ್ಟೆಗೆ ಹೊರಟೆವು. ಚಿಕ್ಕಪ್ಪ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ. ಮೊದಲ ದೊಡ್ಡ ಎಡತಿರುವಿಗೆ ಅವನು ಎರಡು ವರ್ಷದ ಅಭ್ಯಾಸದಂತೆ ಬಲಕ್ಕೆ ಅಗಲವಾಗಿ ಹೋಗಿ, ಎಂಜಿನ್ ಕಿರುಚಿಸಿ, ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ಎಸೆದ. ಗಾಡಿ ತಿರುಗಿತು, ಬೇಕಾದ್ದಕ್ಕಿಂತ ಹೆಚ್ಚು. ಹಿಂದೆ ಕೊಪ್ಪರಿಗೆಗಳು ಒಂದಕ್ಕೊಂದು ಬಡಿದವು. ಒಳಬದಿಯ ಚರಂಡಿಗೆ ಒಂದು ಗೇಣು ಇದ್ದಂತೆ ನಿಂತೆವು.

"ಇದೆಂತ ಮಾರಾಯ, ಸಾಕು ಅಂದ್ರೂ ತಿರುಗ್ತದೆ," ಎಂದ ಚಿಕ್ಕಪ್ಪ.

ಆಮೇಲಿನ ತಿರುವುಗಳನ್ನು ಹೊಸದಾಗಿ ಕಲಿಯುವವನಂತೆ ನಿಧಾನವಾಗಿ ದಾಟಿದ. ಒಂದರಲ್ಲೂ ಹಿಂದೆ ಬರಬೇಕಾಗಲಿಲ್ಲ. ಅವನು ಸ್ಟೇರಿಂಗನ್ನು ಎಡಗೈಯಲ್ಲಿ ತಿರುಗಿಸಿ ಬಲಗೈಯನ್ನು ಸುಮ್ಮನೆ ತೊಡೆಯ ಮೇಲಿಡುತ್ತಿದ್ದ. ನಾನು ಓಡಿಸಲಾ ಎಂದು ಒಮ್ಮೆ ಕೇಳಿದೆ. ಅವನು ಮುಂದಿನ ತಿರುವಿಗೆ ಹಾರನ್ ಹಾಕಿದ.

ಉಪನಯನದ ಮನೆಯಲ್ಲಿ ಪಾತ್ರೆ ಇಳಿಸುವ ಮೊದಲೇ ಅವನು ಫೋನ್ ಎಲ್ಲಿ ಎಂದು ಕೇಳಿದ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಜಗಲಿಯ ಲ್ಯಾಂಡ್‌ಲೈನಿನಿಂದ ನರಸಿಂಹರಾಜಪುರಕ್ಕೆ ಮಾಡಿ, ನಾಳೆ ಬರುವುದು ಬೇಡ, ಗಾಡಿ ಕೊಡುವುದಿಲ್ಲ ಎಂದ. ಆಚೆಯವರು ಭುಜದ ನೋವು ಹೋಯಿತೇ ಎಂದು ಕೇಳಿರಬೇಕು.

"ಇದೆ, ಇದೆ," ಎಂದ ಚಿಕ್ಕಪ್ಪ. "ಗಾಡಿಗೆ ಇಲ್ಲ. ನಂಗೆ ಇದೆ."

ಫೋನ್ ಇಟ್ಟು, ಸೌತೆಕಾಯಿ ಹೆಚ್ಚುವುದಕ್ಕೆ ಯಾರು ಬಂದಿದ್ದಾರೆ ಎಂದು ಕೇಳುತ್ತ ಒಳಗೆ ಹೋದ.