ಅಮ್ಮನ ದೇಶಕ್ಕಾಗಿ ಗುಂಡು ಎಸೆದವಳು

ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಬೀರುಗಳನ್ನು ಒಬ್ಬಳೇ ಎತ್ತುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ರೇನ್ ಎಂದೇ. ಗುಂಡು ಎಸೆತದಲ್ಲೂ ಅವಳ ಕೈ ಜೋರು. ಆದರೆ ಹುಟ್ಟಿದ ದೇಶದಲ್ಲಿ ಅವಳಿಗಿಂತ ಜೋರಿನವರು ಬೇಕಾದಷ್ಟಿದ್ದರು. ಅಮ್ಮ ಹುಟ್ಟಿದ ದೇಶದಲ್ಲಿ ಗುಂಡು ಎಸೆಯುವವರು ಒಬ್ಬರೂ ಇರಲಿಲ್ಲ. ಅದಕ್ಕೇ ಆ ದೇಶದ ಪರವಾಗಿ ಸ್ಪರ್ಧಿಸೋಣವೆಂದು ಅಲ್ಲಿನ ಪೌರತ್ವ ಕೇಳಲು ಹೊರಟಳು.

ರಾಯಭಾರ ಕಚೇರಿಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಎಲ್ಲಿ, ನಮ್ಮ ಭಾಷೇಲಿ ಏನಾದ್ರೂ ಮಾತಾಡಮ್ಮ," ಎಂದರು.

ಅಮ್ಮ ಮನೆಯಲ್ಲಿ ಆ ಭಾಷೆ ಆಡುತ್ತಿದ್ದದ್ದು ಬೈಯುವುದಕ್ಕೆ ಮಾತ್ರ. ಬೇರೆ ದಾರಿ ಕಾಣದೆ ಬಾಯಿಪಾಠ ಒಪ್ಪಿಸಿದಳು: "ದಂಡಪಿಂಡ, ಎಷ್ಟು ಸಲ ಬಡ್ಕೋಬೇಕು? ಬಾಗಿಲು ಹಾಕು! ಸೊಳ್ಳೆಗಳನ್ನೇನು ಊಟಕ್ಕೆ ಕರ್ದಿದ್ದೀಯಾ?"

ಅಧಿಕಾರಿ ದಿಗ್ಗನೆದ್ದು, ಕೋಣೆಯ ಬಾಗಿಲು ಹಾಕಿ ಬಂದರು. ಕೂತ ಮೇಲೆ ತಾವು ಮಾಡಿದ್ದೇನೆಂದು ಹೊಳೆದು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮಮ್ಮ ಹೋದ್ಮೇಲೆ ಹೀಗೆ ಬೈಯೋರೇ ಇರ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಬೈಯಮ್ಮ."

ಪೌರತ್ವ ಸಿಕ್ಕಿತು. ಮೊದಲ ಕ್ರೀಡಾಕೂಟದಲ್ಲೇ ಅವಳು ಏಳನೆಯವಳಾದಳು. ಆ ದೇಶಕ್ಕೆ ಅದೇ ದೊಡ್ಡ ದಾಖಲೆ. ಪತ್ರಕರ್ತರು ಮುತ್ತಿಕೊಂಡಾಗ ಗಾಬರಿಬಿದ್ದು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಥ್ಯಾಂಕ್ಸ್ ಅನ್ನೋದಕ್ಕೆ ನಿಮ್ಮ ಭಾಷೇಲಿ ಏನಂತಾರೆ?"

ಅಮ್ಮ ತಮ್ಮಲ್ಲೇ ಒಂದೆರಡು ಪದ ಗೊಣಗಿ ನೋಡಿದರು.

"ಒಂದು ಮಾತಿತ್ತು ಕಣೇ. ನಿಮ್ಮಪ್ಪನ್ನ ಕಟ್ಕೊಂಡ್ಮೇಲೆ ಅದರ ಅಗತ್ಯವೇ ಬೀಳ್ಲಿಲ್ಲ. ಮರ್ತೇಹೋಗಿದೆ."